ಬಿಸಿಲಿಗೆ ಕೊಟ್ಟ ಮಡ್ಡಿ, ದಾರಿಗೆ ಹೋದ ಎರೆ

ಹದಿನಾರು ಗುಂಟೆ ಎರೆಹೊಲ ಹೋಯಿತು. ಅದರ ಜೊತೆ, ವರ್ಷಕ್ಕೊಮ್ಮೆ ಮನೆಗೆ ಬರುತ್ತಿದ್ದ ಒಂದು ಬುಟ್ಟಿ ನಿಂಬೆಹಣ್ಣು ಹೋಯಿತು. ಒಟ್ಟು ಖರ್ಚು ಇಷ್ಟು. ಎರೆ ಎಂದರೆ ಬಿಳಿಜೋಳ ಬೆಳೆಯುವ ಕಪ್ಪು ನೆಲ. ಒಂದು ಮಳೆ ತಪ್ಪಿದರೂ ಒಳಗಿನ ತೇವ ಬಿಟ್ಟುಕೊಡುವುದಿಲ್ಲ. ನಮ್ಮ ಇಂಡಿ ಕಡೆ ಅಂಥ ಹೊಲ ಮಾರಬೇಕಾಗಿ ಬಂದವನು ಆ ದಿನ ಸರಿಯಾಗಿ ಊಟ ಮಾಡುವುದಿಲ್ಲ. ಅಂಥದ್ದರಲ್ಲಿ ಹದಿನಾರು ಗುಂಟೆಯನ್ನು ನಾನು ಒಂದು ರೂಪಾಯಿ ಪಡೆಯದೆ ಬರೆದುಕೊಟ್ಟೆ. ಯಾಕೆಂದರೆ ಅದಕ್ಕೂ ಮುಂಚೆ, ಅದರ ಪಕ್ಕದ ಮಡ್ಡಿ ಹೊಲವನ್ನು ಸೋಲಾರ್ ಕಂಪನಿಗೆ ಲಾವಣಿಗೆ, ಅಂದರೆ ವರ್ಷದ ಬಾಡಿಗೆಗೆ, ಕೊಡುವಾಗ, ಜೀವಮಾನದಲ್ಲೇ ಒಳ್ಳೆಯ ವ್ಯಾಪಾರ ಮಾಡಿದೆನೆಂದು ತಿಳಿದಿದ್ದೆ. ಮಡ್ಡಿ ಎಂದರೆ ಬರೀ ಕಲ್ಲು, ಗರಸು. ಕುರಿ ಕೂಡ ಅಲ್ಲಿ ನಿಲ್ಲದೆ ದಾಟಿ ಹೋಗುತ್ತಿದ್ದವು. ಆ ಕಲ್ಲಿಗೆ ವರ್ಷಾವರ್ಷ ಬಾಡಿಗೆ ಬರುತ್ತದೆ ಎಂದಾಗ ನಾನು ಕಂಪನಿಯವನ ಮುಖ ನೋಡಿದೆನೇ ಹೊರತು ನೆಲ ನೋಡಲಿಲ್ಲ.

ನಾನು ಹೆಚ್ಚು ಓದಿದವನಲ್ಲ, ಆದರೆ ಹೇಳಿದ ಬೆಲೆಗೆ ಯಾವತ್ತೂ ಏನನ್ನೂ ಕೊಂಡವನಲ್ಲ. ಮೊದಲು ಸುಟ್ಟುಹೋದ ಪಂಪಿನ ಮೋಟಾರುಗಳ ವ್ಯಾಪಾರ ಮಾಡಿದೆ. ಬಸವನ ಬಾಗೇವಾಡಿ ಕಡೆ ಕೊಂಡು, ಮುದ್ದೇಬಿಹಾಳದಲ್ಲಿ ಹೊಸ ತಂತಿ ಸುತ್ತಿಸಿ, ಸಿಂದಗಿಯಲ್ಲಿ ಮಾರುವುದು. ಬಸ್ಸಿನ ಮೇಲೆ ಮೋಟಾರು ಏರಿಸುವುದಕ್ಕೂ ಕಂಡಕ್ಟರನ ಜೊತೆ ಚೌಕಾಶಿ. ಮೋಟಾರಿನಿಂದ ಬಾವಿ, ಬಾವಿಯಿಂದ ಹೊಲ, ಹೀಗೆ ಜಮೀನಿನ ವ್ಯವಹಾರಕ್ಕೆ ಬಂದೆ. ಹೊಲ ಕೊಡಿಸಿದೆ, ಬಿಡಿಸಿದೆ, ಕಡೆಗೆ ಅಗರಖೇಡದ ಕಡೆಯ ರಸ್ತೆಯಲ್ಲಿ ನನ್ನದೂ ಒಂದಿಷ್ಟು ಮಾಡಿಕೊಂಡೆ. ನನ್ನ ಚೌಕಾಶಿಯಲ್ಲಿ ಒಂದೇ ಗುಟ್ಟು. ಎದುರಿಗೆ ಕೂತವನು ಎರಡನೇ ಚಾ ಕುಡಿಯುವ ತನಕ ನಾನು ಬೆಲೆ ಹೇಳುವುದಿಲ್ಲ. ಎರಡನೇ ಚಾ ಕುಡಿದವನಿಗೆ ಈ ವ್ಯವಹಾರ ಬೇಕಾಗಿದೆ. ಬೇಡವೆಂದು ಎದ್ದವನಿಗೆ ಬೇರೆಲ್ಲೋ ಮಾತಾಗಿದೆ. ಇದನ್ನು ಪುಕ್ಕಟೆಯಾಗಿ ಹೇಳುತ್ತಿದ್ದೇನೆ, ಇಟ್ಟುಕೊಳ್ಳಿ.

ಸೋಲಾರ್ ಎಂಬ ವಸ್ತು ಮೊದಲಿನಿಂದಲೂ ನನ್ನ ಲೆಕ್ಕ ಕೆಡಿಸುತ್ತ ಬಂದಿದೆ. ಗೊಳಸಂಗಿಯಲ್ಲಿ ರೈತನೊಬ್ಬ ಹೊಲದಲ್ಲಿ ಪ್ಲೇಟು ನಿಲ್ಲಿಸಿ ನೀರೆತ್ತುತ್ತಾನೆ ಎಂದು ಕೇಳಿ, ಮೋಟಾರು ವ್ಯಾಪಾರಿಯ ಹೊಟ್ಟೆಕಿಚ್ಚಿನಿಂದಲೇ ನೋಡಲು ಹೋಗಿದ್ದೆ. ಕರೆಂಟಿನ ಕಂಬವಿಲ್ಲ, ಡೀಸೆಲ್ ವಾಸನೆಯಿಲ್ಲ, ನೀರು ಮಾತ್ರ ಸದ್ದಿಲ್ಲದೆ ಬೀಳುತ್ತಿತ್ತು. ಬೆಲೆ ಕೇಳಿದೆ. ಹೇಳಿದ. ನಕ್ಕು ಬಂದೆ. ಎರಡು ಬೇಸಿಗೆ ಕಳೆದು ಮತ್ತೆ ಕೇಳಿದಾಗ ಬೆಲೆ ಇಳಿದಿತ್ತು, ಪ್ಲೇಟು ದೊಡ್ಡದಾಗಿತ್ತು. ಮತ್ತೊಮ್ಮೆ ಕೇಳಿದಾಗ ಇನ್ನೂ ಇಳಿದಿತ್ತು. ಚಿನ್ನ, ಎತ್ತು, ಹೊಲ, ಸಿಮೆಂಟು, ವರನ ಕಡೆಯವರ ಬೇಡಿಕೆ, ಯಾವುದೂ ಇಳಿದದ್ದನ್ನು ನಾನು ಕಂಡವನಲ್ಲ. ಒಂದು ಮಾಲು ಸುಧಾರಿಸುತ್ತಲೂ ಹೋಗುವುದು, ಅಗ್ಗವಾಗುತ್ತಲೂ ಹೋಗುವುದು ಎಂದರೆ ಏನರ್ಥ? ಇದರಲ್ಲಿ ಎಲ್ಲೋ ಮೋಸವಿದೆ ಎಂದು ಮಸೂತಿ ಊರಿನ ಪರಿಚಯದವರಿಗೆಲ್ಲ ಹೇಳುತ್ತ ತಿರುಗಿದೆ. ಯಾರೂ ಈಗ ಕೊಳ್ಳಬೇಡಿ, ಇನ್ನೂ ಇಳಿಯುತ್ತದೆ ಎಂದೆ. ಇಳಿಯಿತು. ನನ್ನ ಮಾತು ಕೇಳಿ ಕಾದವರು ಅಷ್ಟೂ ವರ್ಷ ರಾತ್ರಿಪಾಳಿಯ ಕರೆಂಟಿಗಾಗಿ ಟಾರ್ಚು ಹಿಡಿದು ಹೊಲದಲ್ಲಿ ನಿಂತರು. ಕಾಯದೆ ಕೊಂಡವರು ಹಗಲು ನೀರು ಹಾಯಿಸಿ ರಾತ್ರಿ ಮಲಗಿದರು.

ಆಮೇಲೆ ನೋಡನೋಡುತ್ತಲೇ ಬಂದೇಬಿಟ್ಟಿತು. ದೊಡ್ಡ ಮನೆಗಳ ಮಾಳಿಗೆ, ಸಾಲಿ, ದವಾಖಾನೆ, ಪೆಟ್ರೋಲ್ ಪಂಪಿನ ನೆರಳಿನ ಮೇಲೂ ಪ್ಲೇಟು. ಒಂದು ದಿನ ಸಿಂದಗಿಯ ದಾರಿಯಲ್ಲಿ ಬಸ್ಸಿನ ಕಿಟಕಿಯಿಂದ ದೂರದಲ್ಲಿ ಕೆರೆ ಕಂಡಿತು. ಆ ದಾರಿಯಲ್ಲಿ ಮೋಟಾರು ಹೊತ್ತು ಎಷ್ಟು ವರ್ಷ ತಿರುಗಿದ್ದೇನೆ, ಅಲ್ಲಿ ಕೆರೆಯಿಲ್ಲ ಎಂದು ನನಗೆ ಗೊತ್ತು. ಮುಂದಿನ ನಿಲ್ದಾಣದಲ್ಲಿ ಇಳಿದು ಹಿಂದಕ್ಕೆ ನಡೆದೆ. ಕೆರೆ ಹತ್ತಿರವಾದಂತೆ ನೀಲಿ ಗಾಜಾಯಿತು. ತೊಗರಿ ಬೆಳೆಯುತ್ತಿದ್ದ ಹೊಲಗಳು ಕಣ್ಣು ಹಾಯುವ ತನಕ ಗಾಜು ಹೊದ್ದು ಮಲಗಿದ್ದವು. ಒಬ್ಬ ಮನುಷ್ಯನಿಲ್ಲ. ಬೇಲಿಯ ಆಚೆ ಕುರಿ ಕಾಯುತ್ತಿದ್ದ ಮುದುಕನನ್ನು, ‘ಇಲ್ಲಿ ಯಾರಿರ್ತಾರ ಯಜಮಾನ?’ ಎಂದು ಕೇಳಿದೆ. ‘ಬಿಸಿಲಿರ್ತೈತಿ’ ಎಂದ. ಅವನು ತಮಾಷೆ ಮಾಡುತ್ತಿರಲಿಲ್ಲ.

ನಮ್ಮ ಮಡ್ಡಿಗೆ ಕಂಪನಿಯವನು ಬಂದದ್ದು ಅದಾದ ಎರಡನೇ ವರ್ಷ. ಮುದ್ದೇಬಿಹಾಳದ ಹುಡುಗ, ಅಂದರೆ ಮೂವತ್ತು ದಾಟಿದವನು. ಕಂಪನಿಗೆ ಜಮೀನು ಹೊಂದಿಸಿಕೊಡುವ ನೌಕರಿ. ನಮ್ಮ ಹೊಲದಿಂದ ಸ್ವಲ್ಪ ದೂರದಲ್ಲೇ ದೊಡ್ಡ ಕರೆಂಟಿನ ತಂತಿ ಹಾದುಹೋಗುತ್ತದೆ, ಅದಕ್ಕೇ ಈ ಕಡೆ ಕಣ್ಣು ಬಿದ್ದಿತ್ತು. ಪಡಸಾಲೆಯಲ್ಲಿ ಕೂಡಿಸಿ ಮೊದಲನೆಯ ಚಾ ಕೊಡಿಸಿದೆ. ಬಾಡಿಗೆಯ ಮಾತೆತ್ತದೆ ಬೇರೆಯದನ್ನೇ ಕೇಳಿದೆ.

‘ಅಲ್ಲ ಸಾಹೇಬ್ರ, ಈ ಕರೆಂಟ್ ನೀವು ಯಾರಿಗೆ ಮಾರ್ತೀರಿ?’

‘ಸರ್ಕಾರದ ಕಡೆ ಲಿಲಾವು ಇರ್ತೈತ್ರಿ ಕಾಕಾ. ದೇಶದಾಗಿನ ಕಂಪನಿಗೋಳೆಲ್ಲಾ ಕಂಪ್ಯೂಟರ್ ಮುಂದ ಕುಂತು ಒಂದು ಯೂನಿಟ್ಟಿಗೆ ಇಷ್ಟು ಅಂತ ರೇಟ್ ಹಾಕ್ತಾವ. ಕಡಿಮಿ ಹಾಕಿದಾವಂಗ ಕೆಲಸ ಸಿಗತೈತಿ.’

ಚಾದ ಕಪ್ಪು ಕೆಳಗಿಟ್ಟೆ. ‘ಕಡಿಮಿ ಹಾಕಿದಾವಂಗ? ಲಿಲಾವಂದ್ರ ಮ್ಯಾಲೆ ಹೋಗೂದಲ್ಲೇನು?’

‘ಇದು ಕೆಳಗ ಹೋಗೂ ಲಿಲಾವ್ರಿ. ಒಬ್ಬಾವ ಹೇಳ್ತಾನ, ಇನ್ನೊಬ್ಬಾವ ಅದಕ್ಕ ಒಂದು ಪೈಸಾ ಕಡಿಮಿ ಹೇಳ್ತಾನ.’

‘ಎಲ್ಲೀ ತನಕ?’

‘ಉಳದಾವ್ರು ಬಾಯಿ ಮುಚ್ಚೂತನಕ.’

ನಾನು ಇಂಡಿಯ ನಿಂಬೆ ಪೇಟೆಯಲ್ಲಿ ಲಿಲಾವು, ಅಂದರೆ ಹರಾಜು, ನೋಡುತ್ತ ಬೆಳೆದವನು. ರಾಶಿಯ ಮುಂದೆ ನಿಂತು ಕೂಗಿದರೆ ಬೆಲೆ ಮೇಲಕ್ಕೇ ಹತ್ತಬೇಕು. ಕೆಳಕ್ಕೆ ಇಳಿದರೆ ದಲಾಲನ ಅಂಗಡಿಗೆ ಮರುದಿನ ಯಾರೂ ಮಾಲು ಹಾಕುವುದಿಲ್ಲ. ಮಾರುವವರೇ ಸಾಲಾಗಿ ಕೂತು ತಮ್ಮ ಮಾಲಿನ ಬೆಲೆಯನ್ನು ತಾವೇ ಕಡಿಯುವ ಪೇಟೆಯೊಂದು ಈ ದೇಶದಲ್ಲಿ ಇದೆ, ಅದೇ ಬೆಳೆಯುತ್ತಿದೆ ಎಂಬುದು ನನ್ನ ತಲೆ ತಿರುಗಿಸಿತು. ಅದಕ್ಕಿಂತ ದೊಡ್ಡ ಹೊಡೆತ ಇನ್ನೂ ಬಾಕಿಯಿತ್ತು.

‘ಆ ರೇಟು ಎಷ್ಟು ವರ್ಷಕ್ಕ?’ ಎಂದೆ.

‘ಇಪ್ಪತ್ತೈದು ವರ್ಷ, ಅದs ರೇಟು.’

‘ನೀವು ಲಿಲಾವು ಯಾವಾಗ ಗೆದ್ದ್ರಿ?’

‘ಆಗೇತ್ರಿ, ಹೋದ ವರ್ಷ.’

‘ಹಂಗಂದ್ರ ಇಪ್ಪತ್ತೈದು ವರ್ಷದ ರಾಶಿ ಮಾರಿ ಮುಗಿಸಿ, ಆಮ್ಯಾಲೆ ಹೊಲ ಹುಡುಕಾಕ ಬಂದೀರಿ?’

ಅವನು ನಕ್ಕ. ‘ಈಗಿನ ದಂಧಾ ಹಂಗs ಐತಿ ಕಾಕಾ. ಪ್ಲೇಟಿನ ರೇಟು ಇನ್ನೂ ಇಳೀತೈತಿ ಅಂತ ಅಂದಾಜು ಹಾಕೇ ಲಿಲಾವದಾಗ ಕೂಗಿರ್ತೀವಿ.’

ಎರಡನೇ ಚಾ ಬಂತು. ಅವನು ಕುಡಿದ.

ನನ್ನ ಗಾಬರಿ ಒಳಗೇ ಉಳಿಯಿತು, ವ್ಯಾಪಾರಿ ಬುದ್ಧಿ ಮುಂದೆ ಬಂತು. ಮಾಲು ಮೊದಲೇ ಮಾರಿ ಕೂತವನಿಗೆ ವೇಳೆ ಇರುವುದಿಲ್ಲ. ಹೇಳಿದ ದಿನಕ್ಕೆ ಕರೆಂಟು ಹರಿಯದಿದ್ದರೆ ದಂಡ ಬೀಳುತ್ತದೆ ಎಂಬುದನ್ನೂ ಅವನ ಬಾಯಿಂದಲೇ ತೆಗೆದೆ. ಮೂರು ಸಲ ಬರಮಾಡಿಕೊಂಡು ಎರಡು ಸಲ ಸುಮ್ಮನೆ ಕಳಿಸಿದೆ. ಕಡೆಗೆ ಸುತ್ತಲಿನ ಯಾರಿಗೂ ಸಿಗದ ಬಾಡಿಗೆ, ವರ್ಷ ಕಳೆದಂತೆ ಅದು ಏರಬೇಕು ಎಂಬ ಕರಾರು, ಬಾಡಿಗೆ ತಡವಾದರೆ ಬಡ್ಡಿ, ಎಲ್ಲ ಬರೆಸಿಕೊಂಡೆ. ಹೊರಡುವಾಗ ಅವನು, ‘ನಿಮ್ಮಂಥಾವ್ರು ಇನ್ನೊಬ್ರು ಸಿಕ್ರ ನನ್ನ ನೌಕರಿ ಹೋಗತೈತ್ರಿ’ ಎಂದ. ಆ ಮಾತನ್ನು ನಾನು ಒಂದು ವಾರ ಊರ ತುಂಬ ಹೇಳಿಕೊಂಡು ತಿರುಗಿದೆ.

ಈಗ ಬೂಬುವಿನ ಮಾತು. ಊರೆಲ್ಲ ಅವಳನ್ನು ಬೂಬು ಎಂದೇ ಕರೆಯುವುದು. ನನಗಿಂತ ಹತ್ತು ವರ್ಷ ಹಿರಿಯಳು. ನಮ್ಮ ಮಡ್ಡಿಯ ಹಿಂದೆ ಅವಳ ನಿಂಬೆತೋಟ. ಗಂಡ ತೀರಿಕೊಂಡ ಮೇಲೆ ಅವಳೇ ಮುಂದೆ ನಿಂತು, ಬಾವಿ ತೋಡಿಸಿ, ತೋಟ ಎಬ್ಬಿಸಿದ್ದಾಳೆ. ಇಂಡಿ ಪೇಟೆಯಲ್ಲಿ ದಲಾಲರು ಅವಳ ಚೀಲ ಬಿಚ್ಚದೆ ಬೆಲೆ ಹೇಳುತ್ತಾರೆ, ಅಷ್ಟು ಚೊಕ್ಕ ಆರಿಸುತ್ತಾಳೆ. ಆ ತೋಟಕ್ಕೆ ರಸ್ತೆಯಿಂದ ಹೋಗಬೇಕಾದರೆ ನಮ್ಮ ಮಡ್ಡಿಯ ನಡುವೆ ಹಾದ ಬಂಡಿದಾರಿ ಒಂದೇ. ಅವಳ ಮಾವನ ಕಾಲದಿಂದ ಬಂಡಿ, ಈಗ ಟಂಟಂ ಎನ್ನುವ ಸರಕಿನ ಆಟೊ, ಅದೇ ಎರಡು ಗಾಲಿಯ ಗುರುತಿನ ಮೇಲೆ. ನಕ್ಷೆಯಲ್ಲಿ ಅದಿಲ್ಲ. ಯಾವ ಕಾಗದದಲ್ಲೂ ಇಲ್ಲ. ಇರುವುದು ಬುಟ್ಟಿಯೊಂದೇ. ಪ್ರತಿವರ್ಷ ಎಳ್ಳ ಅಮಾವಾಸ್ಯೆಗೆ ನಾವು ಹೊಲದಲ್ಲಿ ಚರಗ ಚೆಲ್ಲಿ, ಅಂದರೆ ಭೂಮಿತಾಯಿಗೆ ಎಡೆ ಎರಚಿ, ಊಟಕ್ಕೆ ಕೂತಾಗ, ಬೂಬು ಒಂದು ಬುಟ್ಟಿ ನಿಂಬೆಹಣ್ಣು ತಂದು ನನ್ನ ಹೆಂಡತಿಯ ಮುಂದೆ ಇಡುತ್ತಾಳೆ. ಹೆಂಡತಿ ಅದೇ ಬುಟ್ಟಿಯಲ್ಲಿ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಭಜ್ಜಿಪಲ್ಲೆ, ಹೋಳಿಗೆ ತುಂಬಿ ವಾಪಸು ಕಳಿಸುತ್ತಾಳೆ. ದಾರಿ ಎಂಬ ಶಬ್ದ ಯಾರೂ ಆಡುವುದಿಲ್ಲ. ಬುಟ್ಟಿ ಬಂತು, ಬುಟ್ಟಿ ಹೋಯಿತು, ಅಲ್ಲಿಗೆ ಇನ್ನೊಂದು ವರ್ಷದ ದಾರಿ. ನಾನು ಹೊಲಗಳನ್ನು ಮಾರಿಸಿದವನು. ಹೊಲ ಕೊಂಡವರೆಲ್ಲ ಇಂಥ ದಾರಿಗಳನ್ನು ಕೇಳದೆಯೇ ಬಿಟ್ಟುಕೊಟ್ಟಿದ್ದಾರೆ. ಬಂಡಿಯ ಗುರುತು ಕಂಡರೆ ಅದರ ಮೇಲೆ ಯಾರೂ ನೇಗಿಲು ಹಾಯಿಸುವುದಿಲ್ಲ.

ಕಂಪನಿಯ ಕಾಗದ ಆಗುವ ಮುಂಚೆ ಸುತ್ತಲಿನ ಹೊಲದವರ ಸಹಿ ಬೇಕಿತ್ತು, ಈ ಜಮೀನಿನಲ್ಲಿ ನಮ್ಮದು ಯಾವ ಹಕ್ಕೂ ಇಲ್ಲ ಎಂದು. ಮುದ್ದೇಬಿಹಾಳದ ಹುಡುಗ ಇಂಡಿಯ ನೋಂದಣಿ ಕಚೇರಿಯಲ್ಲಿ ನಮ್ಮನ್ನು ಕೂಡಿಸಿ ಓದಿ ಹೇಳಿದ. ಮೊದಲು ನನ್ನನ್ನು ಕೇಳಿದ, ‘ನಿಮ್ಮ ಹೊಲದಾಗ ಬ್ಯಾರೇದಾವ್ರ ಹಕ್ಕು ಏನರ ಐತೇನ್ರಿ ಕಾಕಾ?’

‘ಯಾರದಿರ್ತೈತಿ? ನಾ ದುಡದು ತಗೊಂಡ ಹೊಲ’ ಎಂದೆ.

ಆಮೇಲೆ ಬೂಬುವಿನ ಕಡೆ ತಿರುಗಿದ. ಅವಳು ಸೆರಗು ಸರಿಮಾಡಿಕೊಂಡು ನನ್ನ ಮುಖ ನೋಡಿದಳು. ‘ನನ್ನದೇನಪ್ಪಾ ಇವನ ಹೊಲದಾಗ? ಇವನ ಹೊಲ ಇವಂದು. ನನಗ್ಯಾಕ ಬೇಕದು?’ ಎಂದು ಸಹಿ ಮಾಡಿದಳು. ಒಬ್ಬರ ಹೊಲದಲ್ಲಿ ನನ್ನದೂ ಹಕ್ಕಿದೆ ಎಂದು ಸರ್ಕಾರಿ ಕಚೇರಿಯಲ್ಲಿ ಕೂತು ಹೇಳುವುದು ನಮ್ಮಲ್ಲಿ ಜಗಳ ತೆಗೆದಂತೆ. ಅವಳು ಮರ್ಯಾದೆಯ ಮಾತು ಆಡಿದಳು. ನಾನೂ ಖುಷಿಯಿಂದ ಕೇಳಿಸಿಕೊಂಡೆ. ಅದಾದ ಮೇಲೆ ಮೂವರೂ ಬಸ್‌ಸ್ಟ್ಯಾಂಡಿನ ಎದುರು ಚಾ ಕುಡಿದೆವು. ಬಿಲ್ಲು ಬೂಬು ಕೊಟ್ಟಳು.

ಆ ವರ್ಷದ ಎಳ್ಳ ಅಮಾವಾಸ್ಯೆಗೂ ಬುಟ್ಟಿ ಬಂತು. ಸಂಕ್ರಮಣ ಕಳೆದ ಮೇಲೆ ಕಂಪನಿಯ ಕೆಲಸದವರು ಬಂದರು. ನಾನು ಆ ದಿನಗಳಲ್ಲಿ ಬಾಗೇವಾಡಿ ಕಡೆ ಒಂದು ಜಮೀನಿನ ವ್ಯವಹಾರದಲ್ಲಿದ್ದೆ. ಊರಿಗೆ ಬಂದ ಮರುದಿನ ಬೆಳಿಗ್ಗೆ ಹೆಂಡತಿ ಚಾ ಕೊಡದೆ ಎದುರು ನಿಂತಳು.

‘ಹೊಲಕ್ಕ ಹೋಗಿ ಬರ್ರಿ ಮೊದಲ’ ಎಂದಳು.

‘ಏನಾತು?’

‘ಬೂಬುನ ಟಂಟಂ ರಸ್ತೆದಾಗ ನಿಂತೈತಿ. ನೀವs ನೋಡ್ರಿ.’

ಹೋಗಿ ನೋಡಿದೆ. ಹೊಲದ ಗುರುತೇ ಸಿಗಲಿಲ್ಲ. ರಸ್ತೆಯ ಬದಿಯಿಂದ ಹಿಂದಿನ ಒಡ್ಡಿನ ತನಕ ಕಬ್ಬಿಣದ ಕಂಬ, ಆಳೆತ್ತರದ ತಂತಿಯ ಜಾಳಿಗೆ, ಮೇಲೆ ಮುಳ್ಳುತಂತಿ. ಬಂಡಿಯ ಎರಡು ಗಾಲಿಗುರುತು ರಸ್ತೆಯಿಂದ ಬಂದು ಜಾಳಿಗೆಯ ಬುಡಕ್ಕೆ ತಾಗಿ ನಿಂತಿದ್ದವು. ಒಳಗೆ ಅದೇ ಗುರುತಿನ ಮೇಲೆ ಕಂಬ ನೆಡಲು ಗುಂಡಿ ತೋಡಿ ಸಾಲು ಮಾಡಿದ್ದರು. ಅಷ್ಟು ವರ್ಷ ಗಾಲಿ ತುಳಿದು ಗಟ್ಟಿಯಾದ ನೆಲವನ್ನು ಯಂತ್ರ ಬೆಣ್ಣೆಯ ಹಾಗೆ ಕೊರೆದಿತ್ತು. ಜಾಳಿಗೆಯ ಈಚೆ ಖಾಲಿ ಚೀಲ ತುಂಬಿದ ಟಂಟಂ, ಅದರ ಪಕ್ಕ ಬೂಬು.

ಬೂಬುವೇ ಮಾತಾಡಿದಳು. ‘ಹಣ್ಣು ಉದುರಾಕತ್ತಾವ ತಮ್ಮಾ. ಬ್ಯಾಸಿಗಿ ರೇಟು ಏರಾಕತ್ತೈತಿ. ಇದs ಹೊತ್ತಿನ್ಯಾಗ ನಾಕು ಕಾಸು ಕಾಣೂದು. ಈಗೇನು, ಚೀಲಾ ಹೊತ್ಕೊಂಡು ಈ ತಂತಿ ಹಾರ್ಲೇನು?’

‘ಏನೋ ತಪ್ಪಾಗೇತಿ ಬೂಬೂ. ಇವತ್ತs ತಗಸ್ತೀನಿ’ ಎಂದೆ. ಹೇಳುವಾಗ ಅದು ಸುಲಭವೆಂದೇ ತಿಳಿದಿದ್ದೆ.

ಕಂಪನಿಯವರು ಹೊಲದ ಮೂಲೆಯಲ್ಲಿ ತಗಡಿನ ಡಬ್ಬಿಯಂಥ ಆಫೀಸು ಇಟ್ಟಿದ್ದರು. ಮುದ್ದೇಬಿಹಾಳದ ಹುಡುಗ ಒಳಗಿದ್ದ. ನಾನು ಕೂತೆ, ಬೂಬು ಬಾಗಿಲಲ್ಲಿ ನಿಂತಳು. ಹುಡುಗ ಎದ್ದು ತನ್ನ ಕುರ್ಚಿಯನ್ನು ಬಾಗಿಲ ಬಳಿಯೇ ಅವಳಿಗೆ ಹಾಕಿಕೊಟ್ಟ. ನಾನು ವಿಷಯ ಹೇಳಿದೆ.

‘ದಾರಿ ಇತ್ತೇನ್ರಿ ಕಾಕಾ ಅಲ್ಲಿ? ನೀವು ಹೇಳಲೇ ಇಲ್ಲ. ನಾ ಎರಡು ಸಲ ಕೇಳಿದೆ.’

‘ಅದನ್ನೇನು ಹೇಳೂದು? ಗಾಲಿ ಗುರುತು ಕಣ್ಣಿಗೆ ಕಾಣಲಿಲ್ಲೇನು ನಿನಗ? ನೀ ಮುದ್ದೇಬಿಹಾಳದಾವ, ಬೆಂಗಳೂರಾವ ಅಲ್ಲ.’

‘ನನಗ ಕಾಣತೈತ್ರಿ. ನಕ್ಷೆ ತಗದಾವ ಎಲ್ಯೋ ಕುಂತು ತಗದಾನ. ಕಾಗದದಾಗ ದಾರಿ ಇಲ್ಲಂದ್ರ ಅವಂಗ ಇಲ್ಲ.’

ಸರಿ, ಆದದ್ದು ಆಯಿತು, ಹತ್ತು ಅಡಿ ಜಾಗ ಬಿಟ್ಟು ಬೇಲಿ ಸರಿಸು ಎಂದೆ. ಆಗದು ಎಂದ. ಬಾಡಿಗೆಯಲ್ಲಿ ಅಷ್ಟು ಕಡಿದುಕೋ ಎಂದೆ. ಆಗದು ಎಂದ. ಈ ವರ್ಷದ ಬಾಡಿಗೆಯನ್ನೇ ಬಿಡುತ್ತೇನೆ ಎಂದೆ. ಜೀವಮಾನದಲ್ಲಿ ಅಂಥ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು. ಬಾಗಿಲ ಬಳಿ ಕೂತಿದ್ದ ಬೂಬು ಕೂಡ ತಲೆಯೆತ್ತಿ ನೋಡಿದಳು. ಆಗಲೂ ಅವನು ಆಗದು ಎಂದ.

‘ನಿಮ್ಮ ಬಾಡಿಗಿ ನಂದಲ್ಲ ಕಾಕಾ ಬಿಡಾಕ. ನಡುವ ದಾರಿ ಬಿಟ್ರ ಎರಡು ಬೇಲಿ ಆಗತಾವ, ಪ್ಲೇಟಿನ ಸಾಲು ಕಡಿಮಿ ಆಗತಾವ. ಸಾಲು ಕಡಿಮಿ ಆದ್ರ ಹೇಳಿದಷ್ಟು ಕರೆಂಟ್ ಬರಂಗಿಲ್ಲ. ಲಿಲಾವದಾಗ ಪೈಸಾ ಪೈಸಾ ಕಡದು ಕುಂತ ರೇಟ್ ಅದು. ಅದರಾಗ ಹತ್ತು ಅಡಿ ದಾರಿ ಇಲ್ಲ.’

‘ನಿನ್ನ ಮ್ಯಾಲಿನಾವನ ಜೋಡಿ ಮಾತಾಡಸು.’

‘ಅವನ ಮ್ಯಾಲೆ ಸಾಲಾ ಕೊಟ್ಟ ಬ್ಯಾಂಕು. ಬ್ಯಾಂಕಿನಾವ ಈ ಹೊಲಾ ನೋಡೇ ಇಲ್ಲ. ಕಾಗದಾ ನೋಡ್ಯಾನ. ಬೂಬುನ ಸಹಿನೂ ನೋಡ್ಯಾನ.’

ಎದುರಿಗೆ ಮನುಷ್ಯನಿದ್ದ, ಅವನ ಹಿಂದೆ ಯಾರೂ ಇರಲಿಲ್ಲ. ನಾನು ತಲ್ಲಣಿಸಿದ್ದು ಅದಕ್ಕೆ. ಚೌಕಾಶಿಗೆ ಕೊಡುವ ಮನಸ್ಸಿರುವವನೋ, ಬೇಡವೆನ್ನುವ ಮನಸ್ಸಿರುವವನೋ ಒಬ್ಬ ಬೇಕು. ಇಲ್ಲಿ ಬೆಲೆಯೊಂದೇ ಇತ್ತು, ಯಾವುದೋ ಊರಿನಲ್ಲಿ, ಯಾವುದೋ ಮಧ್ಯಾಹ್ನ, ಬಾಯಿ ಮುಚ್ಚಿದವರ ನಡುವೆ ಗೊತ್ತಾದದ್ದು. ದೇಶಕ್ಕೆಲ್ಲ ಅಗ್ಗದ ಕರೆಂಟು ಬರುತ್ತಿದೆ ಎಂದು ಪೇಪರಿನವರು ಬರೆಯುವುದು ಸುಳ್ಳಲ್ಲ. ಆ ಅಗ್ಗ ಎಲ್ಲೆಲ್ಲಿಂದ ಬಂತು ಎಂಬುದು ನನಗೆ ಆ ತಗಡಿನ ಡಬ್ಬಿಯಲ್ಲಿ ಕೂತಾಗ ತಿಳಿಯಿತು. ಒಂದಿಷ್ಟು ಪ್ಲೇಟಿನಿಂದ, ಒಂದಿಷ್ಟು ಬಡ್ಡಿಯಿಂದ. ಅದರಲ್ಲಿ ಹತ್ತು ಅಡಿ ಬೂಬುವಿನ ದಾರಿಯಿಂದ.

ಬೂಬು ಕಿಟಕಿಯಿಂದ ಹೊರಗೆ ನೋಡಿದಳು. ರಸ್ತೆಯ ಆಚೆ, ಅದೇ ಕಂಪನಿ ಹಿಂದಿನ ಲಿಲಾವಿಗಾಗಿ ಹೋದ ವರ್ಷ ಮುಗಿಸಿದ್ದ ಪ್ಲೇಟುಗಳ ಸಾಲು ಹೊಳೆಯುತ್ತಿತ್ತು.

‘ಅದರ ಕರೆಂಟ್ ಎಲ್ಲಿಗೆ ಹೋಗತೈತಪ್ಪಾ?’

‘ಖರೇ ಹೇಳ್ಬೇಕಂದ್ರ ಅಮ್ಮಾ, ಮಧ್ಯಾಹ್ನಾ ಕೆಲವೊಮ್ಮೆ ಎಲ್ಲಿಗೂ ಹೋಗಂಗಿಲ್ಲ. ತಂತಿ ತುಂಬಿರ್ತೈತಿ. ರಾಜಸ್ಥಾನದಾಗೂ ಅದs ಹೊತ್ತಿಗೆ ಬಿಸಿಲು, ಇಲ್ಲೂ ಬಿಸಿಲು. ಬಂದ್ ಮಾಡ್ರಿ ಅಂತ ಮ್ಯಾಲಿಂದ ಹೇಳ್ತಾರ, ಬಂದ್ ಮಾಡ್ತೀವಿ.’

ನಾನು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದೆ. ದಾರಿ ಮುಚ್ಚಿ, ಹೊಲ ಕೊರೆದು, ಬಿಸಿಲು ಹಿಡಿದು, ಆಮೇಲೆ ಬೇಡವೆಂದು ಬಿಡುವುದೇ? ಬೂಬುವಿಗೆ ಮಾತ್ರ ಆಶ್ಚರ್ಯವಾಗಲಿಲ್ಲ.

‘ನಿಂಬಿಕಾಯಿದೂ ಹಂಗs. ಮಳಿಗಾಲದಾಗ ಒಮ್ಮೆಲೇ ಬರ್ತಾವ, ಕೇಳಾವ್ರು ಇರಂಗಿಲ್ಲ. ನಾವಾದ್ರ ಉಪ್ಪಿನಕಾಯಿ ಹಾಕ್ತೀವಿ. ನೀವೇನು ಹಾಕ್ತೀರಿ?’

ಅವನು ಆ ದಿನ ಮೊದಲ ಸಲ ನಕ್ಕ. ‘ಬ್ಯಾಟ್ರಿ ಹಾಕ್ತೀವಮ್ಮಾ. ಇನ್ನ ಮುಂದಿನ ಲಿಲಾವು ಎಲ್ಲಾ ಅದs. ಹಗಲ ಹಿಡಿದು ಇಟ್ಟು, ದೀಪಾ ಹಚ್ಚೂ ಹೊತ್ತಿಗೆ ಕೊಡ್ಬೇಕು. ಬ್ಯಾಟ್ರಿ ರೇಟೂ ಇಳ್ಯಾಕತ್ತೈತಿ.’

‘ಎಲ್ಲಾ ಇಳ್ಯಾಕತ್ತೈತಿ. ಬೇಲಿ ಒಂದು ಇಳೀಲಿಲ್ಲ’ ಎಂದು ಬೂಬು ಎದ್ದಳು.

ಅವಳು ಟಂಟಂ ತಿರುಗಿಸಿಕೊಂಡು ಹೋದ ಮೇಲೆ ನಾನು ಬೇಲಿಯ ಗುಂಟ ನಡೆದೆ. ಮಡ್ಡಿಯ ಮಗ್ಗುಲಿಗೆ ನನ್ನ ಎರೆಹೊಲ. ಅದನ್ನು ಕಂಪನಿ ಎಷ್ಟು ಕೇಳಿದರೂ ಕೊಟ್ಟಿರಲಿಲ್ಲ. ಜೋಳ ತೆನೆ ಕಟ್ಟಿ ಹಾಲು ತುಂಬಿತ್ತು. ಆ ಹೊಲದ ಒಂದು ತುದಿ ರಸ್ತೆಗೆ, ಇನ್ನೊಂದು ತುದಿ ಬೂಬುವಿನ ತೋಟಕ್ಕೆ ತಾಗುತ್ತದೆ. ಬೇಲಿಗೆ ಹೊಂದಿ ಉದ್ದಕ್ಕೂ ಹನ್ನೆರಡು ಅಡಿ ಬಿಟ್ಟರೆ ಟಂಟಂ ಹೋಗುತ್ತದೆ. ಅಳತೆ ಕಣ್ಣಲ್ಲೇ ಆಯಿತು, ಹದಿನಾರು ಗುಂಟೆ. ಬೇರೆ ದಾರಿಯೇ ಇಲ್ಲವೇ ಎಂದು ಅತ್ತಿಂದಿತ್ತ ನಾಲ್ಕು ಸಲ ತಿರುಗಿದೆ. ಇರಲಿಲ್ಲ. ಮನೆಗೆ ಬಂದು ಕುಡಗೋಲು ತೆಗೆದುಕೊಂಡೆ.

‘ಹಾಲದೆನಿ ಕೊಯ್ತೀರಿ?’ ಹೆಂಡತಿ ಬಾಗಿಲು ತಡೆದಳು. ‘ಇನ್ನ ತಿಂಗಳ ಕಳದ್ರ ರಾಶಿ.’

‘ರಾಶಿ ಆಗೂದ್ರಾಗ ಬೂಬುನ ತ್ವಾಟ ನೆಲಕ್ಕ ಬೀಳತೈತಿ.’

ಅವಳು ಒಳಗೆ ಹೋದಳು. ತಾನೂ ಒಂದು ಕುಡಗೋಲು ಹಿಡಿದು ಬಂದಳು. ದಾರಿಯಲ್ಲಿ ಒಂದೇ ಮಾತು ಹೇಳಿದಳು, ‘ಹೊಲಾ ಕೊಡೂ ಮುಂದ ನನ್ನ ಒಂದು ಮಾತು ಕೇಳಿದ್ರ, ಬುಟ್ಟಿ ಯಾಕ ಬರತೈತಿ ಅಂತ ನಾ ಹೇಳ್ತಿದ್ದೆ.’

ಕೊಯ್ದ ಹಸಿ ಜೋಳ ದನಕ್ಕೆ ಹೋಯಿತು. ಮರುದಿನ ಟಂಟಂ ಜೋಳದ ಕೂಳೆಯ ಮೇಲೆ ಕುಲುಕುತ್ತ ತೋಟ ಸೇರಿತು. ಸಂಜೆಗೆ ತುಂಬಿದ ಚೀಲಗಳು ಇಂಡಿ ಪೇಟೆಗೆ ಹೋದವು. ಎಲ್ಲ ಮುಗಿಯಿತು ಎಂದು ನಾನು ಉಸಿರು ಬಿಟ್ಟೆ. ಬೂಬು ರಾತ್ರಿ ಊಟದ ಹೊತ್ತಿಗೆ ಮನೆಗೆ ಬಂದು, ಪಡಸಾಲೆಯಲ್ಲಿ ನನ್ನ ಎದುರಿಗೇ ಕೂತಳು. ಚಾ ಕೊಟ್ಟರೆ ಕುಡಿದಳು. ಇನ್ನೊಂದು ಬೇಡವೆಂದಳು.

‘ಈ ದಾರಿ ಎಷ್ಟು ದಿನದ್ದು ತಮ್ಮಾ?’

‘ಎಷ್ಟ ದಿನದ್ದಂದ್ರ? ನಾ ಇರೂತನಕ. ನನ್ನ ಮಾತು.’

‘ಹಿಂದಿಂದೂ ಮಾತs ಇತ್ತು.’ ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ನಿಂಬೆ ಆರಿಸುವಾಗ ಹುಳುಕು ತೆಗೆದು ಬದಿಗಿಡುವ ಹಾಗೆ ಹೇಳಿದಳು. ‘ನಾಳೆ ಈ ಎರಿನೂ ಯಾರೋ ಕೇಳ್ತಾರ. ನೀ ಕೊಡಂಗಿಲ್ಲ, ನಿನ್ನ ಹಿಂದ ಬರಾವ್ರು ಕೊಡ್ತಾರ. ಕಾಗದಾ ಆಗ್ಲಿ. ಕಚೇರಿಯೊಳಗ.’

‘ನನ್ನ ಮ್ಯಾಲೆ ಭರವಸೆ ಹೋತೇನು ಬೂಬೂ?’

‘ನಿನ್ನ ಮ್ಯಾಲೆ ಐತಿ. ಅದಕs ನಾ ಅಲ್ಲಿ ಸಹಿ ಮಾಡಿದ್ದು.’

ಇದಕ್ಕೆ ಏನು ಬೆಲೆ ಹೇಳುವುದು? ಇಂಡಿಯ ಅದೇ ಕಚೇರಿಯಲ್ಲಿ, ಹದಿನಾರು ಗುಂಟೆ ದಾರಿ ಅವಳ ಹೆಸರಿಗೆ ಖಾಯಂ ಆಗಿ ಬರೆದುಕೊಟ್ಟೆ. ಕಚೇರಿಯ ಫೀಸು ಅರ್ಧ ತನ್ನದು ಎಂದು ಅವಳೇ ಹಟ ಹಿಡಿದು ಕೊಟ್ಟಳು. ಸಾಕ್ಷಿಗೆ ಮುದ್ದೇಬಿಹಾಳದ ಹುಡುಗ ತಾನಾಗಿಯೇ ಬಂದ. ಸಹಿ ಮಾಡುವ ಮುಂಚೆ ಕಾಗದವನ್ನು ಎರಡು ಸಲ ಓದಿದ. ಚಾದ ಬಿಲ್ಲು ಆ ದಿನ ಅವನು ಕೊಟ್ಟ. ‘ಇನ್ನ ಮ್ಯಾಲೆ ಎಲ್ಲಿ ಹೊಲಾ ನೋಡಾಕ ಹೋದ್ರೂ ಮೊದಲ ಗಾಲಿ ಗುರುತು ಹುಡುಕ್ತೀನ್ರಿ’ ಎಂದ. ಹುಡುಕುತ್ತಾನೆ ಎಂದೇ ನಂಬಿದ್ದೇನೆ.

ಮಡ್ಡಿಯ ಮೇಲೆ ಈಗ ಗಾಜಿನ ಕೆರೆ. ಬಾಡಿಗೆ ಹೇಳಿದ ದಿನಕ್ಕೆ ಬರುತ್ತದೆ, ಅದರಲ್ಲಿ ಕೊಂಕು ಹೇಳಲಾರೆ. ನನ್ನ ಮಾಳಿಗೆಯ ಮೇಲೂ ಪ್ಲೇಟು ಕೂತಿವೆ, ಕರೆಂಟ್ ಬಿಲ್ಲು ನೋಡಿದರೆ ನಗು ಬರುತ್ತದೆ. ಮುಂದಿನ ದಿನ ಈ ದಂಧೆಯವೇ ಎಂಬುದರಲ್ಲಿ ನನಗೆ ಸಂಶಯ ಉಳಿದಿಲ್ಲ. ಹೋದ ಎಳ್ಳ ಅಮಾವಾಸ್ಯೆಗೆ ನಾವು ಎರೆಹೊಲದಲ್ಲಿ ಚರಗ ಚೆಲ್ಲಿ ಊಟಕ್ಕೆ ಕೂತೆವು. ಹೆಂಡತಿ ರೊಟ್ಟಿ, ಹೋಳಿಗೆಗಳನ್ನು ಬೇರೆ ತೆಗೆದಿಟ್ಟಿದ್ದಳು. ಬೂಬುವಿನ ಟಂಟಂ ತನ್ನ ದಾರಿಯಲ್ಲಿ ಬಂತು. ಅವಳು ಕೈಯೆತ್ತಿ, ‘ಆತೇನು ಊಟ?’ ಎಂದು ಕೇಳಿ, ನಿಲ್ಲಿಸದೆ ಮುಂದೆ ಹೋದಳು. ಬುಟ್ಟಿ ಬರಲಿಲ್ಲ. ಬರಬೇಕಾದ ಕಾರಣವೂ ಇಲ್ಲ, ದಾರಿ ಈಗ ಅವಳದೇ. ಕೈಯಲ್ಲಿನ ತುತ್ತು ಬಾಯಿಗೆ ಹೋಗಲಿಲ್ಲ. ಒಂದು ಬುಟ್ಟಿ ಹಣ್ಣಿಗೆ ನನಗೆ ಹೀಗಾಗುತ್ತದೆ ಎಂದು ಯಾರಾದರೂ ಮೊದಲೇ ಹೇಳಿದ್ದರೆ ಪಣ ಕಟ್ಟಿ ಸೋಲುತ್ತಿದ್ದೆ. ಹೆಂಡತಿ ತೆಗೆದಿಟ್ಟ ಬುತ್ತಿಯನ್ನು ತಾನೇ ಒಯ್ದು ತೋಟದಲ್ಲಿ ಕೊಟ್ಟು ಬಂದಳು. ಬರುವಾಗ ಕೈ ಖಾಲಿಯಿತ್ತು. ಈಗ ಉಪ್ಪಿನಕಾಯಿಗೆ ನಿಂಬೆಹಣ್ಣು ಪೇಟೆಯಲ್ಲಿ ಕೊಳ್ಳುತ್ತೇವೆ.

ನಿಮ್ಮ ಊರಿಗೂ ಕಂಪನಿಯವರು ಬರುತ್ತಾರೆ, ಬಿಸಿಲು ಎಲ್ಲ ಕಡೆ ಇದೆ. ಬಂದಾಗ ಓಡಿಸಬೇಡಿ, ಕೂಡಿಸಿ. ಮಾಲು ಮೊದಲೇ ಮಾರಿ ಬಂದಿದ್ದಾರೋ ಎಂದು ಕೇಳಿ. ಹೌದೆಂದರೆ ಅವಸರ ಅವರದು, ನಿಮ್ಮದಲ್ಲ. ಕರೆಂಟು ಒಯ್ಯುವ ತಂತಿ ಆಗಿದೆಯೋ, ಇನ್ನೂ ಆಗಬೇಕೋ, ಕಂಪನಿ ಇನ್ನೊಬ್ಬರಿಗೆ ಮಾರಿದರೆ ನಿಮ್ಮ ಬಾಡಿಗೆ ಕೊಡುವವರು ಯಾರು, ಕರಾರು ಮುಗಿದ ಮೇಲೆ ಪ್ಲೇಟು, ಕಂಬ, ಕಾಂಕ್ರೀಟು ಕಿತ್ತು ನೆಲ ಸರಿಮಾಡಿ ಕೊಡುವವರು ಯಾರು, ಇಷ್ಟನ್ನಾದರೂ ಬರೆಸಿಕೊಳ್ಳಿ. ಮನೆಯ ಮಾಳಿಗೆಗೆ ಹಾಕಿಸುವವರು ಇನ್ನೂ ಇಳಿಯಲಿ ಎಂದು ನನ್ನ ಹಾಗೆ ಕಾಯಬೇಡಿ. ಇಳಿಯುತ್ತದೆ, ಅಲ್ಲಿಯ ತನಕದ ಬಿಲ್ಲು ನೀವೇ ಕಟ್ಟುತ್ತೀರಿ. ಇನ್ನು ಹೊಲ ಕೊಡುವವರಿಗೆ ಒಂದು ಮಾತು, ಇದು ಎಲ್ಲದಕ್ಕಿಂತ ಮೊದಲು ಮಾಡಬೇಕಾದದ್ದು. ನಕ್ಷೆ ಬಿಚ್ಚುವ ಮುಂಚೆ ಮನೆಯ ಹೆಂಗಸರನ್ನು ಕೂಡಿಸಿ, ಹಬ್ಬಕ್ಕೆ ನಮ್ಮ ಮನೆಗೆ ಯಾರು ಯಾರು ಏನೇನು ತಂದುಕೊಡುತ್ತಾರೆ ಎಂದು ಕೇಳಿ. ಹಾಲು, ಹಣ್ಣು, ಹಸಿ ಕಡಲೆ, ಯಾವುದೇ ಇರಲಿ. ಅದನ್ನು ತಂದುಕೊಡುವವರನ್ನು ಕರೆದುಕೊಂಡು ಹೊಲದಲ್ಲಿ ನಡೆಯಿರಿ. ಅವರು ತಮ್ಮದೇನೂ ಇಲ್ಲ ಎನ್ನುತ್ತಾರೆ. ನಂಬಬೇಡಿ. ಅವರ ಕಾಲು ಎಲ್ಲಿ ತಾನಾಗಿ ತಿರುಗುತ್ತದೆಯೋ ಅಲ್ಲಿ ಒಂದು ಕಲ್ಲು ನೆಡಿ, ಆಮೇಲೆ ಬೇಲಿಯವರನ್ನು ಕರೆಯಿರಿ.